ಶನಿವಾರ ಗ್ಯಾಸಿಗೆ ರಜೆ

ಸಾನಪಾಡಾದ ನಮ್ಮ ಮನೆಯಲ್ಲಿ ಶನಿವಾರ ಸಂಜೆ ಗ್ಯಾಸ್ ಹಚ್ಚುವುದಿಲ್ಲ. ಗಂಡ ಹೋದ ಮೇಲೆ ಡೊಂಬಿವಲಿಯ ಮನೆ ಬಿಟ್ಟು ಮಗನ ಜೊತೆ ಇರಲು ಬಂದ ಮೊದಲ ಶನಿವಾರ, ಇದು ಗೊತ್ತಿಲ್ಲದೆ ನಾನು ಅಕ್ಕಿ ತೊಳೆಯಲು ಹೋದೆ. ಸೊಸೆ ಬಂದು ಪಾತ್ರೆಯನ್ನು ನನ್ನ ಕೈಯಿಂದ ತೆಗೆದಿಟ್ಟಳು. "ಇವತ್ತು ಟ್ರೀಟ್, ಮಾಮಿ. ಸೀರೆ ಬದಲಾಯಿಸಿ" ಎಂದಳು. ಯಾರದಾದರೂ ಹುಟ್ಟಿದ ದಿನವೋ, ಯಾರಾದರೂ ಪಾಸಾದರೋ ಎಂದು ಕೇಳಿದೆ. ಯಾರೂ ಹುಟ್ಟಿರಲಿಲ್ಲ, ಯಾರೂ ಪಾಸಾಗಿರಲಿಲ್ಲ. ಶನಿವಾರವಾಗಿತ್ತು, ಅಷ್ಟೆ.

ನೆರೂಳದಲ್ಲಿ ಕಾಲೇಜಿನ ರಸ್ತೆಯ ಮೇಲೆ ಒಂದು ಬರ್ಗರ್ ಅಂಗಡಿ ಇದೆ. ಮಗ, ಸೊಸೆ, ಮೊಮ್ಮಗಳು, ಮೊಮ್ಮಗ, ನಾಲ್ವರೂ ವಾರವಾರ ಕಾರಿನಲ್ಲಿ ಅಲ್ಲಿಗೆ ಹೋಗುವುದು ರೂಢಿ. ಐದನೆಯವಳಾಗಿ ನಾನು ಸೇರಿಕೊಂಡೆ. ಗಾಜಿನ ಬಾಗಿಲು, ಒಳಗೆ ಎಸಿ, ಬಣ್ಣದ ಕುರ್ಚಿಗಳು. ಕುರ್ಚಿಗಳನ್ನು ನೆಲಕ್ಕೆ ಬಿಗಿದಿದ್ದಾರೆ. ಮೈ ಇದ್ದವರು ಹೊಟ್ಟೆ ಒಳಗೆಳೆದುಕೊಂಡು ತೂರಬೇಕು. ನಾನು ತೂರಿ ಕೂತೆ, ನೀರು ಬರಲಿ ಎಂದು ಕಾದೆ. ಹೋಟೆಲಿನಲ್ಲಿ ಮೊದಲು ನೀರು ಬರುತ್ತದೆ, ಮಾತು ಆಮೇಲೆ. ನನ್ನ ಗಂಡ ಆಯುಷ್ಯವಿಡೀ ಹೋಟೆಲಿನಲ್ಲೇ ಕಳೆದವರು, ಇಷ್ಟಾದರೂ ನನಗೆ ಗೊತ್ತು. ನೀರು ಬರಲೇ ಇಲ್ಲ. ಮಗ ಎದ್ದು ಹೋಗಿ ಸಾಲಿನಲ್ಲಿ ನಿಂತ. ಆಫೀಸಿನಲ್ಲಿ ನಾಲ್ಕು ಜನ ಅವನ ಮಾತಿಗೆ ಕಾಯುತ್ತಾರೆ. ಇಲ್ಲಿ ಅವನು ರಸೀದಿ ಹಿಡಿದುಕೊಂಡು ತನ್ನ ನಂಬರು ಯಾವಾಗ ಬರುತ್ತದೆ ಎಂದು ಕತ್ತೆತ್ತಿ ನೋಡುತ್ತಿದ್ದ. ನಂಬರು ಬಂದ ಮೇಲೆ ತಾನೇ ಟ್ರೇ ಹೊತ್ತು ತಂದ. ಎಲ್ಲರೂ ತಿಂದಾದ ಮೇಲೆ ಕಾಗದ, ಲೋಟ, ಸ್ಟ್ರಾ ಎಲ್ಲ ಟ್ರೇಗೆ ಹಾಕಿಕೊಂಡು, ಬಾಗಿಲ ಹತ್ತಿರದ ಕಸದ ಡಬ್ಬಿಗೆ ಸುರಿದು ಬಂದ.

"ತರುವುದೂ ನೀನೇ, ತೆಗೆಯುವುದೂ ನೀನೇ. ಮತ್ತೆ ಹಣ ಕೊಟ್ಟದ್ದು ಯಾವುದಕ್ಕೆ?" ಎಂದು ಕೇಳಿದೆ.

"ಎಸಿಗೆ, ಅಜ್ಜಿ" ಎಂದ ಮೊಮ್ಮಗ.

ಬರ್ಗರ್ ಬಗ್ಗೆ ಹೇಳುವುದಾದರೆ, ಹತ್ತಿಯಂಥ ಬನ್ನಿನ ನಡುವೆ ಬಟಾಟೆವಡೆಯನ್ನು ತಟ್ಟಿ ಚಪ್ಪಟೆ ಮಾಡಿ ಇಟ್ಟಿದ್ದರು. ದೊಡ್ಡ ವಡಾಪಾವ್ ಎಂದೆ. ಅದಕ್ಕೆ ಮೊಮ್ಮಗ ನಕ್ಕು ಕೋಲಾವನ್ನು ಮೂಗಿಗೆ ಹತ್ತಿಸಿಕೊಂಡ. ಹಸಿದಿದ್ದೆ, ತಿಂದೆ. ಇದು ಊಟ ಹೌದು, ಟ್ರೀಟ್ ಹೇಗೆ ಎಂಬುದು ಮಾತ್ರ ನನಗೆ ತಿಳಿಯಲಿಲ್ಲ.

ಹೋಟೆಲು ಎಂದರೆ ನಮ್ಮ ಮನೆಯಲ್ಲಿ ಬೇರೆಯೇ ಅರ್ಥವಿತ್ತು. ನನ್ನ ಗಂಡ ಉಡುಪಿಯ ಕಡೆಯಿಂದ ಸಣ್ಣವರಿದ್ದಾಗಲೇ ಬಂದು, ಠಾಣೆ ಸ್ಟೇಶನ್ನಿನ ಹೊರಗಿನ ಒಂದು ಹೋಟೆಲಿನಲ್ಲಿ ಫಡ್ಕಾ ಹಿಡಿದವರು. ಫಡ್ಕಾ ಎಂದರೆ ಟೇಬಲು ಒರೆಸುವ ಬಟ್ಟೆ. ಅಲ್ಲಿಂದ ಸಪ್ಲಾಯರ್ ಆದರು, ಕಾಫಿಗೆ ನಿಂತರು, ಕಡೆಗೆ ಗಲ್ಲೆಯಲ್ಲಿ, ಅಂದರೆ ದುಡ್ಡಿನ ಪೆಟ್ಟಿಗೆಯ ಮುಂದೆ, ಕೂತರು. ಮಕ್ಕಳಿಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವರು ಗಲ್ಲೆಯವರಾಗಿದ್ದರು. ಆದರೆ ಊರಿಂದ ಬಂದ ನೆಂಟರು ಸುಮ್ಮನಿರುತ್ತಾರೆಯೇ? ನಿನ್ನ ಅಪ್ಪ ಎಂಜಲು ಒರೆಸಿ ಒರೆಸಿ ಮೇಲೆ ಬಂದ ಜನ ಎಂದು ಹೊಗಳುವ ಹಾಗೆ ಹೇಳಿ ಹೋಗುತ್ತಿದ್ದರು. ನನ್ನ ಮಗನಿಗೆ ಅದು ಹೊಗಳಿಕೆಯಾಗಿ ಕೇಳಿಸಲಿಲ್ಲ.

ನಮ್ಮ ಹೋಟೆಲು ಜನರಲ್ಲಿ ಒಂದು ಕ್ರಮ ಇತ್ತು. ಕೆಲಸ ಮಾಡುವವನ ಮನೆಯವರು ಆ ಹೋಟೆಲಿನ ಟೇಬಲಿನಲ್ಲಿ ಕೂರುವ ಹಾಗಿಲ್ಲ. ಯಾರೂ ಬೋರ್ಡು ಹಾಕಿರಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ. ಟೇಬಲು ಗಿರಾಕಿಯದು. ನಾನು ಮಕ್ಕಳನ್ನು ಕರೆದುಕೊಂಡು ಠಾಣೆಗೆ ಹೋದರೆ ಹಿಂದಿನ ಬಾಗಿಲಿನಿಂದ ಒಳಗೆ ಹೋಗಬೇಕು, ಅಕ್ಕಿ ಮೂಟೆಯ ಮೇಲೆ ಕೂತು ಕಾಫಿ ಕುಡಿಯಬೇಕು. ಧಣಿಗಳು ಒಳ್ಳೆಯವರೇ. ಮಕ್ಕಳ ಕೈಗೆ ಬಿಸಿ ಬನ್ಸ್ ಕೊಡಿಸುತ್ತಿದ್ದರು. ಆದರೆ ಮುಂದೆ ಬಂದು ಕೂತುಕೊಳ್ಳಿ ಎಂದು ಅವರೂ ಹೇಳಲಿಲ್ಲ, ನಮಗೂ ಆಸೆಯಾಗಲಿಲ್ಲ. ಮೂಟೆ ಕುರ್ಚಿಗಿಂತ ಮೆತ್ತಗಿತ್ತು.

ಅಲ್ಲಿ ಉಳಿದ ಇಡ್ಲಿ, ವಡೆ ಡಬ್ಬಿಯಲ್ಲಿ ಮನೆಗೆ ಬರುತ್ತಿತ್ತು. ಡೊಂಬಿವಲಿಯ ನಮ್ಮ ಚಾಳಿನ ಸಾಲುಮನೆಗಳಲ್ಲಿ ಅಕ್ಕಪಕ್ಕದವರೆಲ್ಲ ಮರಾಠಿಯವರು, ಹೆಚ್ಚಿನ ಗಂಡಸರು ಎಂಐಡಿಸಿಯ ಕಾರ್ಖಾನೆಗಳಿಗೆ ಹೋಗುವವರು. ಮಕ್ಕಳು ಪಾಸಾದರೆ ಅವರು ಉಡುಪಿ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿನ್ನಿಸಿಕೊಂಡು ಬರುತ್ತಿದ್ದರು. ಅವರಿಗೆ ಅದು ದೊಡ್ಡ ಸಂಭ್ರಮ. ನನ್ನ ಮಕ್ಕಳು ಇಡ್ಲಿ ಡಬ್ಬಿ ಕಂಡರೆ ಮುಖ ತಿರುಗಿಸುತ್ತಿದ್ದವು. ಅವಕ್ಕೆ ಸ್ಟೇಶನ್ನಿನ ಹೊರಗಿನ ಗಾಡಿಯ ವಡಾಪಾವ್ ಬೇಕು. ನನ್ನ ಮಗ ಎರಡು ಇಡ್ಲಿ ಕೊಟ್ಟು ಪಕ್ಕದ ಮನೆಯವನ ಅರ್ಧ ವಡಾಪಾವ್ ತೆಗೆದುಕೊಳ್ಳುತ್ತಿದ್ದ. ಇಬ್ಬರೂ ಎದುರಿನವನಿಗೆ ಟೋಪಿ ಹಾಕಿದೆ ಎಂದುಕೊಂಡು ಖುಷಿಯಲ್ಲಿರುತ್ತಿದ್ದರು.

ಇನ್ನು ನನ್ನ ಗಂಡನಿಗೆ ವಾರದ ರಜೆಯ ದಿನ ಗಂಜಿ ಬೇಕು. ಕುಚ್ಚಲಕ್ಕಿಯ ಗಂಜಿ, ಒಣಮೀನಿನ ಚಟ್ನಿ. ದೋಸೆ ಹಾಕಲೇ ಎಂದು ಹೊಸದರಲ್ಲಿ ಕೇಳಿದ್ದೆ. ಕೈಮುಗಿದರು. ಎಣ್ಣೆಯ ವಾಸನೆ ಮೂಗಿನಿಂದ ಇಳಿಯಲು ಒಂದು ದಿನ ಸಾಲುವುದಿಲ್ಲ, ಅದನ್ನು ಮನೆಯಲ್ಲೂ ಎಬ್ಬಿಸಬೇಡ ಎಂದರು. ಮತ್ತೆ ಕೇಳಲಿಲ್ಲ.

ಒಂದೇ ಒಂದು ಸಲ ಅವರು ನಮ್ಮನ್ನು ಹೋಟೆಲಿನ ಟೇಬಲಿನಲ್ಲಿ ಕೂರಿಸಿದ್ದಾರೆ. ಮಗ ಹತ್ತನೇ ಕ್ಲಾಸು ಪಾಸಾದಾಗ. ಠಾಣೆಯಲ್ಲಿ ಕೂರುವ ಹಾಗಿಲ್ಲ, ಡೊಂಬಿವಲಿಯಲ್ಲಿ ಗುರುತಿನವರು ಹೆಚ್ಚು, ಹಾಗಾಗಿ ಕಲ್ಯಾಣಕ್ಕೆ ಕರೆದುಕೊಂಡು ಹೋದರು. ಇಸ್ತ್ರಿ ಅಂಗಿ ಹಾಕಿಕೊಂಡು, ಗಿರಾಕಿಯ ಹಾಗೆ ಮುಂದಿನ ಬಾಗಿಲಿನಿಂದ ಹೋಗಿ ಕೂತೆವು. ನಾವು ತಿಂದೆವು, ಅವರು ತಿನ್ನಲಿಲ್ಲ. ಸಪ್ಲಾಯರ್ ಲೋಟದೊಳಗೆ ಬೆರಳು ಅದ್ದಿ ನೀರು ತಂದನೋ, ಚಟ್ನಿ ಬೆಳಗಿನದೋ, ಕಾಫಿಗೆ ಡಿಕಾಕ್ಷನ್ ಎಷ್ಟು, ಇದನ್ನೇ ನೋಡುತ್ತಿದ್ದರು. ತಿಂದಾದ ಮೇಲೆ ಅವರ ಕೈ ಸುಮ್ಮನಿರಲಿಲ್ಲ. ಎಲ್ಲ ತಟ್ಟೆಗಳ ಉಳಿಕೆಯನ್ನು ಒಂದಕ್ಕೆ ಬಳಿದು, ತಟ್ಟೆಯ ಮೇಲೆ ತಟ್ಟೆ ಪೇರಿಸಿ, ಲೋಟದೊಳಗೆ ಲೋಟ ಇಟ್ಟು, ಟೇಬಲಿನ ಮೇಲಿನ ತುಣುಕುಗಳನ್ನು ಅಂಗೈಯ ಅಂಚಿನಿಂದ ತಮ್ಮ ಕಡೆಗೆ ಎಳೆದುಕೊಂಡರು. ಸಪ್ಲಾಯರ್ ನಿಂತು ನೋಡಿ, "ಅಣ್ಣ ನಮ್ಮ ಲೈನಿನವರಾ?" ಎಂದು ದೊಡ್ಡ ದನಿಯಲ್ಲಿ ಕೇಳಿದ. ಪಕ್ಕದ ಟೇಬಲಿನವರು ತಿರುಗಿದರು. ನನ್ನ ಗಂಡ ಹೌದು ಎಂದು ನಕ್ಕರು. ಮಗ ರಸ್ತೆಯ ಕಡೆ ನೋಡುತ್ತಾ ಕೂತ. ವಾಪಸು ಲೋಕಲ್ ರೈಲಿನಲ್ಲಿ, ಅಪ್ಪ ಇನ್ನು ನಾವು ಹೋಟೆಲಿಗೆ ಹೋಗುವುದು ಬೇಡ ಎಂದ. ಸರಿ ಎಂದರು. ಅವರಿದ್ದಷ್ಟು ಕಾಲ ಮತ್ತೆ ಹೋಗಲಿಲ್ಲ.

ಈಗ ಮೊಮ್ಮಗಳ ಮಾತಿಗೆ ಬರುತ್ತೇನೆ. ಅವಳು ನೆರೂಳದ ಕಾಲೇಜಿನಲ್ಲಿ ಕಾಮರ್ಸ್ ಎರಡನೇ ವರ್ಷ. ನಮ್ಮ ಮನೆಮಾತು ತುಳು, ಕನ್ನಡವೂ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ನಮ್ಮ ಮಾತಿನಲ್ಲಿ ಮಾತಾಡಿದಳೆಂದರೆ ಏನೋ ಗಟ್ಟಿ ವಿಷಯ ಇದೆ ಎಂದು ತಿಳಿಯಬೇಕು.

ಹೋದ ಮಳೆಗಾಲದ ಒಂದು ಸಂಜೆ ಊಟಕ್ಕೆ ಕೂತಾಗ, ತನಗೆ ಕೆಲಸ ಸಿಕ್ಕಿದೆ, ಕಾಲೇಜು ಮುಗಿಸಿ ಸಂಜೆಯ ಶಿಫ್ಟು, ಶನಿವಾರವೂ ಇದೆ ಎಂದಳು. ಎಲ್ಲಿ ಎಂದು ಕೇಳಿದರೆ ನಾವು ಪ್ರತಿ ಶನಿವಾರ ಹೋಗುವ ಆ ಬರ್ಗರ್ ಅಂಗಡಿಯಲ್ಲೇ. ಸೊಸೆ ತಲೆ ಎತ್ತಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು.

ಮಗ ಕೈಯಲ್ಲಿದ್ದ ಚಪಾತಿಯ ತುಂಡನ್ನು ತಟ್ಟೆಗೆ ಇಟ್ಟ. "ಅಲ್ಲಿ ಎಂತ ಕೆಲಸ?"

ಎಲ್ಲ ಮಾಡಬೇಕು, ಕೌಂಟರು, ಪ್ಯಾಕಿಂಗು, ಟೇಬಲು ಎಂದಳು.

"ಟೇಬಲು ಅಂದ್ರೆ?"

"ಪೋಂಛನಾ, ಪಪ್ಪಾ. ಔರ್ ಕ್ಯಾ?" ಒರೆಸುವುದು, ಇನ್ನೇನು ಎಂದು.

ಮಗ ಬೈಯುವವನಲ್ಲ. ದನಿ ಇಳಿಯುತ್ತದೆ, ಅಷ್ಟೆ. "ಈ ಮನೆಯಲ್ಲಿ ಫಡ್ಕಾ ಹಿಡಿಯುದು ನನ್ನ ಅಪ್ಪನಿಗೇ ಮುಗೀತು. ಈ ತಿಂಗಳು ಮಾಡು, ತಿಂಗಳ ಕೊನೆಗೆ ಬಿಟ್ಟುಬಿಡು" ಎಂದ.

"ಖಾನೇ ಕೋ ಚಲ್ತಾ ಹೈ, ಕಾಮ್ ಕರ್ನೇ ಕೋ ನಹೀ ಚಲ್ತಾ?"

ತಿನ್ನುವುದಕ್ಕೆ ಆಗುತ್ತದೆ, ಕೆಲಸ ಮಾಡುವುದಕ್ಕೆ ಆಗುವುದಿಲ್ಲವೋ ಎಂದು ಕೇಳಿದಳು. ಮಗ ಕೈ ತೊಳೆದು ಬಾಲ್ಕನಿಗೆ ಹೋದ. ಅವಳು ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದು ಎದ್ದಳು. ಅಳಲಿಲ್ಲ. ಅಳುವುದು ನಮ್ಮ ಮನೆಯ ಹೆಂಗಸರಿಗೆ ಅಷ್ಟಾಗಿ ಬರುವುದಿಲ್ಲ.

ಆ ವಾರದಿಂದ ನೆರೂಳಕ್ಕೆ ಹೋಗುವುದು ನಿಂತಿತು. ಒಂದು ಶನಿವಾರ ಮಗ ಹೊಟ್ಟೆ ಸರಿಯಿಲ್ಲ ಎಂದ. ಇನ್ನೊಂದು ಶನಿವಾರ ಮಳೆಗೆ ಟ್ರಾಫಿಕ್ಕು ಎಂದ. ಆಮೇಲೆ ಫೋನಿನಲ್ಲಿ ಪಿಜ್ಜಾ ತರಿಸಿದ. ರಟ್ಟಿನ ಡಬ್ಬಿ ಬಂತು, ಒಳಗಿನ ರೊಟ್ಟಿ ಬೆವರಿತ್ತು. ಮೊಮ್ಮಗ ಇದು ಟ್ರೀಟ್ ಅಲ್ಲ, ಪಾರ್ಸೆಲ್ ಎಂದ. ಅದಕ್ಕೂ ತಟ್ಟೆ ಬೇಕಾಯಿತು, ಲೋಟ ಬೇಕಾಯಿತು, ಎಲ್ಲ ಸಿಂಕಿಗೆ ಬಂತು. ಸೊಸೆ ವಾರವಿಡೀ ವಾಶಿಯ ಆಫೀಸಿಗೆ ಹೋಗಿ ಬಂದು ಅಡುಗೆ ಮಾಡುವವಳು. ನಲ್ಲಿ ಬಿಟ್ಟುಕೊಂಡು ನಿಂತವಳು ನನ್ನ ಕಡೆ ತಿರುಗದೆ ಹೇಳಿದಳು:

"ನನಗೆ ಬರ್ಗರೂ ಬೇಡ, ಪಿಜ್ಜಾವೂ ಬೇಡ ಮಾಮಿ. ವಾರಕ್ಕೆ ಒಂದು ಸಂಜೆ ಈ ಸಿಂಕಿನ ಮುಖ ನೋಡದೆ ಮಲಗಬೇಕು. ನನ್ನ ಟ್ರೀಟ್ ಅಷ್ಟೇ."

ಅಷ್ಟು ದಿನ ನಾನು ತಟ್ಟೆಯಲ್ಲಿ ಏನಿದೆ ಎಂದು ನೋಡುತ್ತಿದ್ದೆ. ಅವಳು ತಟ್ಟೆ ಇಲ್ಲದ್ದನ್ನು ನೋಡುತ್ತಿದ್ದಳು. ನನಗೆ ಕನಿಕರವೇನೂ ಬರಲಿಲ್ಲ, ಲೆಕ್ಕವಿಲ್ಲದಷ್ಟು ಪಾತ್ರೆ ನಾನೂ ತಿಕ್ಕಿದ್ದೇನೆ. ಮಾತು ಅರ್ಥವಾಯಿತು. ನಮ್ಮ ಕಾಲದಲ್ಲಿ ಹಾಗೆ ಹೇಳಬಹುದೆಂದು ಗೊತ್ತಿದ್ದರೆ ನಾನೂ ಹೇಳುತ್ತಿದ್ದೆ.

ತಿಂಗಳು ಮುಗಿಯುತ್ತಾ ಬಂತು. ಒಂದು ಬೆಳಿಗ್ಗೆ ನಾನು ಬಸಳೆ ಕುಯ್ಯುತ್ತಿದ್ದಾಗ ಮಗ ಎದುರಿಗೆ ಬಂದು ಕೂತ. ಅವಳು ತನ್ನ ಮಾತು ಕೇಳುವ ಹಾಗೆ ಕಾಣುವುದಿಲ್ಲ, ನಾನು ಹೇಳಬೇಕು ಎಂದ. "ಅಜ್ಜ ಎಷ್ಟು ಕಷ್ಟಪಟ್ಟಿದ್ದಾರೆ ಅಂತ ನೀನು ಹೇಳು ಅಮ್ಮ. ಅವಳಿಗೆ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಕಾಲು ನೋವು ಅಂತ ಹೇಳಿದ್ದಾರೆ. ಕಷ್ಟ ಅಂತ ಹೇಳಿದ್ದು ನಾನು ಕೇಳಲಿಲ್ಲ" ಎಂದೆ.

ಆದರೂ ಹುಡುಗಿಯನ್ನು ಕೇಳಿದೆ. ಹೇಳುವುದಕ್ಕಿಂತ ಮೊದಲು ಕೇಳುವುದು ಒಳ್ಳೆಯದು. ಅವಳು ಕೆಲಸದಿಂದ ಬಂದು ನನ್ನ ಮಂಚದ ಮೇಲೆ ಕೂತು ಪಾದ ಒತ್ತಿಕೊಳ್ಳುತ್ತಿದ್ದಳು. ಮೈಯೆಲ್ಲ ಕರಿದ ಎಣ್ಣೆಯ ವಾಸನೆ. ಆ ವಾಸನೆ ನನಗೆ ಹೊಸತಲ್ಲ. ಕೈಖರ್ಚಿಗೆ ಬೇಕಾದರೆ ಅಪ್ಪನನ್ನು ಕೇಳು, ಇದನ್ನು ಯಾಕೆ ಹಿಡಿದುಕೊಂಡಿದ್ದಿ ಎಂದೆ. ಆಗ ಅವಳು ತುಳುವಿಗೆ ಬಂದಳು. ತಪ್ಪುತಪ್ಪಾಗಿ, ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಕಾಲೇಜಿನಲ್ಲಿ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಅಜ್ಜಿ. ಅಲ್ಲಿ ರಶ್ ಆದರೆ ನನ್ನನ್ನೇ ಕರೀತಾರೆ. ಡಿಗ್ರಿ ಆದ ಮೇಲೂ ನನಗೆ ಇದೇ ಲೈನು ಬೇಕು."

ಈಗ ಬಿಟ್ಟರೆ ಮತ್ತೆ ತೆಗೆದುಕೊಳ್ಳುವುದಿಲ್ಲ, ಆ ಜಾಗಕ್ಕೆ ಬೇರೆ ಮಕ್ಕಳು ಕಾಯುತ್ತಿದ್ದಾರೆ ಎಂದಳು. ಆಮೇಲೆ ಒಂದು ಮಾತು ಇಟ್ಟಳು. ತನ್ನ ಶಿಫ್ಟು ಇರುವಾಗ ಒಂದು ಶನಿವಾರ ಮನೆಯವರೆಲ್ಲ ಬಂದು ಗಿರಾಕಿಗಳ ಹಾಗೆ ಕೂತು ತಿನ್ನಬೇಕು. ಪಪ್ಪ ಕಣ್ಣಿಂದ ನೋಡಲಿ. ನೋಡಿದ ಮೇಲೂ ಬಿಡು ಎಂದರೆ ಬಿಡುತ್ತೇನೆ, ಜಗಳ ಮಾಡುವುದಿಲ್ಲ. ನೋಡದೆ ಬಿಡು ಎಂದರೆ ಬಿಡುವುದಿಲ್ಲ ಎಂದಳು.

ನನಗೆ ಇದು ಸರಿಯಾದ ಮಾತು ಎನಿಸಿತು. ಮಗನಿಗೆ ಹೇಳಿದೆ. ಅವನು ಯೋಚನೆಯನ್ನೂ ಮಾಡಲಿಲ್ಲ.

"ನಮ್ಮವರು ಕೆಲಸ ಮಾಡುವಲ್ಲಿ ನಾವು ಕೂತು ತಿನ್ನುದಿಲ್ಲ. ಅದು ಅಪ್ಪನ ಕ್ರಮ. ನಿನಗೆ ಮರೆತುಹೋಯಿತಾ?"

"ಅದು ನಿನ್ನ ಅಪ್ಪನದ್ದಲ್ಲ, ಧಣಿಗಳದ್ದು" ಎಂದೆ. "ನಿನ್ನ ಅಪ್ಪನಿಗೆ ನಿಮ್ಮನ್ನು ಟೇಬಲಿನಲ್ಲಿ ಕೂರಿಸುವ ಮನಸ್ಸಿತ್ತು. ಇಲ್ಲದಿದ್ದರೆ ಕಲ್ಯಾಣಕ್ಕೆ ಯಾಕೆ ಕರ್ಕೊಂಡು ಹೋದದ್ದು?"

ಕಲ್ಯಾಣ ಎಂದ ಕೂಡಲೇ ಅವನ ಮುಖ ಹತ್ತನೇ ಕ್ಲಾಸಿನವನದಾಯಿತು. ಎದ್ದು ಹೋದ.

ತಿಂಗಳ ಕೊನೆಯ ಶನಿವಾರ ಬಂತು. ಬೆಳಿಗ್ಗೆಯೇ ನಾನು ಹೇಳಿಬಿಟ್ಟೆ, ಯಾರು ಬಂದರೂ ಬಾರದಿದ್ದರೂ ನಾನು ಹೋಗುತ್ತೇನೆ, ಎರಡು ಸ್ಟೇಶನ್ ದೂರ, ಲೋಕಲಿನಲ್ಲಿ ಹೋಗಲು ನನಗೆ ಬರುತ್ತದೆ ಎಂದು. ಸೊಸೆ ತಾನೂ ಬರುತ್ತೇನೆ ಎಂದಳು. ಮೊಮ್ಮಗ ಆಗಲೇ ಚಪ್ಪಲಿ ಹಾಕಿಕೊಂಡಿದ್ದ. ಮಗ ಕಾರಿನ ಕೀ ತೆಗೆದ. ಬಿಟ್ಟು ಬರುತ್ತೇನೆ ಎಂದ, ಬರುತ್ತೇನೆ ಎನ್ನಲಿಲ್ಲ. ಅಂಗಡಿಯ ಎದುರು ಇಳಿಸಿ, ಇಲ್ಲಿ ಪಾರ್ಕಿಂಗ್ ಇಲ್ಲ, ನಾನು ಆಚೆ ರಸ್ತೆಯಲ್ಲಿ ಕಾರಿನಲ್ಲೇ ಇರುತ್ತೇನೆ ಎಂದು ಹೋದ. ಪಾರ್ಕಿಂಗ್ ಜಾಗ ನನ್ನ ಕಣ್ಣೆದುರೇ ಖಾಲಿ ಇತ್ತು.

ನಾವು ಮೂವರು ಒಳಗೆ ಹೋಗಿ ಕೂತೆವು. ಹುಡುಗಿ ಕೌಂಟರಿನ ಹಿಂದೆ ಇದ್ದಳು. ತಲೆಗೆ ಟೋಪಿ, ಕೂದಲು ಜಾಲರಿಯೊಳಗೆ, ಸೊಂಟಕ್ಕೆ ಏಪ್ರನ್. ನಮ್ಮನ್ನು ನೋಡಿದಳು, ನಗಲಿಲ್ಲ, ಕೈ ಬೀಸಲಿಲ್ಲ. ಮುಂದೆ ನಿಂತವರನ್ನು ವಿಚಾರಿಸುತ್ತಿದ್ದಳು. ಅದು ನನಗೆ ಸರಿ ಕಂಡಿತು. ಕೆಲಸದ ಹೊತ್ತಿನಲ್ಲಿ ನೆಂಟರಿಗೆ ಹಲ್ಲು ಬಿಡುವವರನ್ನು ನನ್ನ ಗಂಡ ಗಲ್ಲೆಯಿಂದಲೇ ಗದರಿಸುತ್ತಿದ್ದರು. ಮೊಮ್ಮಗ ಸಾಲಿನಲ್ಲಿ ನಿಂತು ಎಲ್ಲರಿಗೂ ತಂದ. ಅಪ್ಪನದನ್ನೂ ತಂದಿದ್ದ. ಅದು ಕಾಗದದಲ್ಲಿ ಹಾಗೆಯೇ ಸುತ್ತಿಕೊಂಡು ಟ್ರೇಯಲ್ಲಿ ಕೂತಿತು.

ಮಗ ಬಾರದೆ ನಾವು ತಿಂದು ಹೋದರೆ ಆ ಹುಡುಗಿಯ ಕೆಲಸ ಹೋದ ಹಾಗೆಯೇ. ಅವನು ನೋಡಲಿಲ್ಲವೆಂದು ಅವಳು ಬಿಡುವುದಿಲ್ಲ, ಅವಳು ಬಿಡಲಿಲ್ಲವೆಂದು ಅವನು ಮಾತು ಬಿಡುತ್ತಾನೆ, ಮನೆಯೊಳಗೆ ತಿಂಗಳುಗಟ್ಟಲೆ ಉರಿಯುತ್ತದೆ. ಕಡೆಗೆ ಸೋಲುವವಳು ಚಿಕ್ಕವಳೇ. ನಾನು ಮೊಮ್ಮಗನನ್ನು ಕರೆದು, "ಹೋಗಿ ನಿನ್ನ ಅಪ್ಪನಿಗೆ ಹೇಳು, ಅಜ್ಜಿ ಕುರ್ಚಿಯಲ್ಲಿ ಸಿಕ್ಕಿಬಿದ್ದಿದ್ದಾಳೆ, ಏಳಲಿಕ್ಕೆ ಆಗುದಿಲ್ಲ ಅಂತ" ಎಂದು ಕಳಿಸಿದೆ. ಸುಳ್ಳು ಹೇಳಿದೆ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಮಗ ಮಳೆಯಲ್ಲಿ ಓಡುತ್ತಾ ಬಂದ. ಅಂಗಿ ಒದ್ದೆ. ನಾನು ಹಾಯಾಗಿ ಕೂತು ಬಟಾಟೆಯ ಕಡ್ಡಿ ತಿನ್ನುತ್ತಿದ್ದೆ. ಅವನು ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ. ಸೊಸೆ ಸ್ಟ್ರಾ ಕಚ್ಚಿಕೊಂಡು ಬೇರೆ ಕಡೆ ತಿರುಗಿದಳು. "ತಣ್ಣಗಾಗ್ತದೆ, ತಿನ್ನು" ಎಂದೆ. ಸುತ್ತಲೂ ಜನ. ನಿಂತೇ ಇದ್ದರೆ ಚೆನ್ನಾಗಿ ಕಾಣುವುದಿಲ್ಲವೆಂದು ಕೂತ. ಕಾಗದ ಬಿಡಿಸಿದ.

ಅವನು ತಿನ್ನುತ್ತಿದ್ದಾಗ ಪಕ್ಕದ ಟೇಬಲಿನಲ್ಲಿ ಒಂದು ಮಗು ಕೋಲಾ ಕೆಡವಿತು. ಮಗುವಿನ ಅಪ್ಪ ಫೋನು ನೋಡುತ್ತಿದ್ದ. ನಮ್ಮ ಹುಡುಗಿ ಬಟ್ಟೆ ತೆಗೆದುಕೊಂಡು ಬಂದಳು. ಆ ಮನುಷ್ಯ ಮುಖ ಎತ್ತದೆ ಮೊಣಕೈ ಮಾತ್ರ ಎತ್ತಿದ. ಅವಳು ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾ ಒರೆಸಿದಳು, ಇನ್ನೊಂದು ಕೈಯನ್ನು ಟೇಬಲಿನ ಅಂಚಿನ ಕೆಳಗೆ ಹಿಡಿದು. ಗಿರಾಕಿಯ ಮೈಮೇಲೆ ಒಂದು ಹನಿಯೂ ಬೀಳಲಿಲ್ಲ. ಅವಳ ಅಜ್ಜನೂ ಹಾಗೆಯೇ ಒರೆಸುತ್ತಿದ್ದರು. ರಕ್ತ ಗಿಕ್ತದ ಮಾತಲ್ಲ. ಬಟ್ಟೆ ಹಿಡಿಯಲು ಕಲಿತವರೆಲ್ಲ ಹಾಗೆಯೇ ಒರೆಸುತ್ತಾರೆ. ಆಮೇಲೆ ಅವಳು ಆ ಮಗುವಿನ ಕೈಗೆ ಒಂದು ಕಾಗದದ ಕರವಸ್ತ್ರ ಕೊಟ್ಟು, ಮರಾಠಿಯಲ್ಲಿ ಏನೋ ಹೇಳಿ ನಗಿಸಿ ಹೋದಳು.

ಮಗ ಅಷ್ಟು ಹೊತ್ತೂ ನೋಡಿದ. ಈ ಸಲ ರಸ್ತೆಯ ಕಡೆ ತಿರುಗಲಿಲ್ಲ.

ತಿಂದು ಮುಗಿಸಿದ ಮೇಲೆ ಅವನ ಕೈ ತನ್ನ ಪಾಡಿಗೆ ತಾನು ಕೆಲಸ ಶುರು ಮಾಡಿತು. ನಾಲ್ವರ ಕಾಗದವನ್ನು ಮಡಚಿ ಒಟ್ಟಿಗೆ ಇಟ್ಟ, ಲೋಟದೊಳಗೆ ಲೋಟ ಇಟ್ಟ, ಟೇಬಲಿನ ಮೇಲೆ ಬಿದ್ದ ಚೂರುಗಳನ್ನು ಅಂಗೈಯ ಅಂಚಿನಿಂದ ಎಳೆದು ಟ್ರೇಗೆ ಹಾಕಿದ. ವಾರವಾರ ಮಾಡುವವನೇ, ಹೊಸದೇನಲ್ಲ. ನಾನು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ.

"ಈಗ ನೀನು ಮಾಡಿದ್ದಕ್ಕೆ ಎಂತ ಹೇಳ್ತಾರೆ?"

"ಎಂತದ್ದಕ್ಕೆ?"

"ನಿನ್ನ ಅಪ್ಪ ಇದನ್ನೇ ಮಾಡಿದ್ದು. ಅವರಿಗೆ ಸಂಬಳ ಇತ್ತು. ನಿನಗೆ ಅದೂ ಇಲ್ಲ, ಮೇಲಿಂದ ನೀನೇ ಹಣ ಕೊಟ್ಟು ಮಾಡ್ತಿ."

ಸೊಸೆಯ ಭುಜ ಕುಲುಕಿತು. ಮೊಮ್ಮಗ, "ಪಪ್ಪಾ, ಎಸಿಗೆ" ಎಂದ. ಮಗ ನಗಲಿಲ್ಲ. ಟ್ರೇ ಹಿಡಿದುಕೊಂಡು ಎದ್ದ. ಅಷ್ಟರಲ್ಲಿ ಹುಡುಗಿ ಬಂದು ಟ್ರೇಯ ಇನ್ನೊಂದು ಬದಿ ಹಿಡಿದಳು. ಬೇರೆ ಗಿರಾಕಿಗಳಿಗೆ ಹೇಳುವ ದನಿಯಲ್ಲೇ ಹೇಳಿದಳು:

"ರೆಹನೇ ದೀಜಿಯೇ ಸರ್. ಮೈ ಲೇತೀ ಹೂಂ."

ಬಿಡಿ, ನಾನು ತೆಗೆದುಕೊಳ್ಳುತ್ತೇನೆ ಎಂದು. ಸ್ವಲ್ಪ ಹೊತ್ತು ಟ್ರೇ ಇಬ್ಬರ ಕೈಯಲ್ಲೂ ಇತ್ತು. ಅವಳ ಕೈ ಗಟ್ಟಿಯಾಗಿತ್ತು. ತಿಂಗಳು ಮುಗಿಯಲು ಉಳಿದದ್ದು ಬೆರಳೆಣಿಕೆಯ ದಿನ ಎಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

"ಎಷ್ಟು ಗಂಟೆಗೆ ಬಿಡ್ತಾರೆ?" ಎಂದು ಮಗ ಕೇಳಿದ.

"ಸಾಡೇ ಆಠ್." ಎಂಟೂವರೆಗೆ ಎಂದು.

"ಹೊರಗೆ ಕಾರಿನಲ್ಲಿ ಇ‌ರ್ತೇನೆ."

"ಸಿರ್ಫ್ ಆಜ್?" ಇವತ್ತಿಗೆ ಮಾತ್ರವೋ ಎಂದು ಅವಳು ಕೇಳಿದಳು. ಅರ್ಧಕ್ಕೆ ನಿಲ್ಲುವವಳಲ್ಲ.

"ಶನಿವಾರ ಕಾರಿನಲ್ಲಿ. ಬಾಕಿ ದಿನ ಲೋಕಲಿನಲ್ಲಿ ಬಾ" ಎಂದು ಹೇಳಿ ಅವನು ಟ್ರೇ ಬಿಟ್ಟ. ಕುರ್ಚಿಯಲ್ಲಿ ಮತ್ತೆ ಕೂತ. ಅವಳು ಟ್ರೇ ತೆಗೆದುಕೊಂಡು ಹೋದಳು, ವಾಪಸು ಬಂದು ನಮ್ಮ ಟೇಬಲನ್ನು ಒರೆಸಿದಳು. ಅವನು ಮೊಣಕೈ ಎತ್ತಿ, ಮುಖವನ್ನೂ ಎತ್ತಿ ಕೂತಿದ್ದ. ಆ ಅಂಗಡಿಯಲ್ಲಿ ನಮ್ಮ ಎಂಜಲನ್ನು ಬೇರೆಯವರು ತೆಗೆದದ್ದು ಅದೇ ಮೊದಲು. ನನ್ನನ್ನು ಕೇಳಿದರೆ ಅಲ್ಲಿ ನಡೆದ ಟ್ರೀಟ್ ಅದೊಂದೇ.

ಇದಾಗಿ ಕೆಲವು ತಿಂಗಳಾಯಿತು. ಅವಳು ಕೆಲಸ ಬಿಟ್ಟಿಲ್ಲ. ಶನಿವಾರ ಮಗ ಕಾರು ತೆಗೆದುಕೊಂಡು ಹೋಗಿ ಕರೆದುಕೊಂಡು ಬರುತ್ತಾನೆ. ಮೊಮ್ಮಗನಿಗೆ ಬಟಾಟೆಯ ಕಡ್ಡಿ ಬರುತ್ತದೆ, ಸಾನಪಾಡಾ ತಲುಪುವಷ್ಟರಲ್ಲಿ ಮೆತ್ತಗಾಗಿರುತ್ತದೆ, ಅವನು ಗೊಣಗಿಕೊಂಡು ಪೂರ್ತಿ ತಿನ್ನುತ್ತಾನೆ. ಹುಡುಗಿಗೆ ಮಾತ್ರ ಬನ್ನು, ಎಣ್ಣೆ, ಚೀಸು ಯಾವುದೂ ಎದುರಿಗೆ ಬರಬಾರದು. ಮೊದಲ ಸಲ ಬಂದವಳು ಮನೆಯಲ್ಲಿ ಗಂಜಿ ಇದೆಯಾ ಎಂದು ಕೇಳಿದಾಗ ಮಗ ನನ್ನ ಮುಖ ನೋಡಿದ. ನಾನು ಅಕ್ಕಿ ತೊಳೆಯಲು ಎದ್ದೆ. ಗಂಟೆಗಟ್ಟಲೆ ಕರಿದ ವಾಸನೆಯಲ್ಲಿ ನಿಂತ ಯಾರು ಬೇಕಾದರೂ ಗಂಜಿಯನ್ನೇ ಕೇಳುತ್ತಾರೆ.

ಹಾಗಾಗಿ ಶನಿವಾರ ಸಂಜೆ ಗ್ಯಾಸಿಗೆ ಈಗ ರಜೆ ಇಲ್ಲ. ಸೊಸೆ ಮೊದಲೇ ಹೇಳಿಬಿಟ್ಟಳು, ಗ್ಯಾಸಿನ ರಜೆ ಬೇಕಾದರೆ ತೆಗೆಯಿರಿ, ನನ್ನ ರಜೆ ನಾನು ಬಿಡುವುದಿಲ್ಲ ಎಂದು. ಅವಳು ಮುಂದಿನ ಕೋಣೆಯಲ್ಲಿ ಕಾಲು ಚಾಚಿ ಟಿವಿ ನೋಡುತ್ತಾಳೆ. ಕುಚ್ಚಲಕ್ಕಿ ನಾನು ಇಡುತ್ತೇನೆ, ಒಣಮೀನು ಹುರಿಯುತ್ತೇನೆ. ಪಾತ್ರೆ ಮಗ ತೊಳೆಯುತ್ತಾನೆ. ಚೆನ್ನಾಗಿಯೇ ತೊಳೆಯುತ್ತಾನೆ, ತಟ್ಟೆ ಮೇಲೆ ತಟ್ಟೆ, ಲೋಟದೊಳಗೆ ಲೋಟ. ಅದನ್ನು ನೋಡಿ ಹೇಳಲು ನನಗೆ ಒಂದು ಮಾತು ಇದೆ, ಹೇಳಿಲ್ಲ. ಒಂದು ಸಲ ಹೇಳಿದ್ದು ಸಾಕು.

ಹೋದ ಶನಿವಾರ ಹುಡುಗಿ ಸ್ಟೂಲಿನ ಮೇಲೆ ಕಾಲು ಹಾಕಿ ಗಂಜಿ ಉಣ್ಣುತ್ತಾ ಚಟ್ನಿಗೆ ಉಪ್ಪು ಕಡಿಮೆ ಎಂದಳು. ಎದ್ದು ತಗೋ ಎಂದೆ. ಅವಳು ಕಾಲು ಇಳಿಸುವ ಮೊದಲೇ ಮಗ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದಿಟ್ಟ. ಒಂದು ಲೋಟ ನೀರನ್ನೂ ತಂದಿದ್ದ, ಬೆರಳು ಅದ್ದದೆ.